ನನ್ನ ದನಿಯ ಇನ್ನೊಬ್ಬಳು

ಆ ಕೆಲಸದ ಕರೆ ಬಂದಾಗ ನಾನು ಪಲ್ಲಾವರದ ಶುಕ್ರವಾರದ ಸಂತೆಯಲ್ಲಿ ನಮ್ಮ ಹಳೆಯ ಮಿಕ್ಸಿಯ ಜಾರಿಗೆ ಹೊಂದುವ ಮುಚ್ಚಳ ಹುಡುಕುತ್ತಿದ್ದೆ. ಆ ಸಂತೆಯಲ್ಲಿ ಫ್ಯಾನಿನ ರೆಕ್ಕೆಯಿಂದ ಹಿಡಿದು ಪಾರಿವಾಳದ ತನಕ ಎಲ್ಲವೂ ಸಿಗುತ್ತದೆ, ನಾವು ಹುಡುಕಿಕೊಂಡು ಹೋದದ್ದೊಂದು ಮಾತ್ರ ಸಿಗುವುದಿಲ್ಲ. ಫೋನು ಮಾಡಿದವಳು ಕೋಡಂಬಾಕ್ಕಂನ ಒಂದು ಡಬ್ಬಿಂಗ್ ಸ್ಟುಡಿಯೋದ ಸೌಂಡ್ ಎಂಜಿನಿಯರ್. ತಮಿಳು ಹುಡುಗಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಾಳೆ. ಒಂದು ವೆಬ್ ಸರಣಿ ಕನ್ನಡಕ್ಕೆ ಡಬ್ ಆಗುತ್ತಿದೆ, ನಾಯಕಿಗೆ ಐವತ್ತೈದು ವಯಸ್ಸು, ಬರುತ್ತೀರಾ ಎಂದು ಕೇಳಿದಳು.

ಮೂವತ್ತು ವರ್ಷಗಳಿಂದ ಬಿಡುವಾದಾಗಲೆಲ್ಲ ದನಿ ಕೊಡುತ್ತಿದ್ದ ನಾನು ಅಲ್ಲಿಯವರೆಗೆ ಮೈಕಿನ ಮುಂದೆ ನರ್ಸ್ ಆಗಿದ್ದೆ, ಪಕ್ಕದ ಮನೆಯಾಕೆಯಾಗಿದ್ದೆ, ಮದುವೆಮನೆಯ ಗುಂಪಿನಲ್ಲಿ ಹುಡುಗಿ ಲಕ್ಷಣವಾಗಿದ್ದಾಳೆ ಎನ್ನುವ ಹೆಂಗಸಾಗಿದ್ದೆ. ನಾಯಕಿಯಾಗಿರಲಿಲ್ಲ. ಮುಚ್ಚಳವನ್ನು ಅಲ್ಲಿಗೇ ಬಿಟ್ಟು ಮನೆಗೆ ಬಂದೆ.

ಮನೆಯಲ್ಲಿ ಇರುವುದು ನಾನು ಮತ್ತು ಅಮ್ಮ. ನಮ್ಮದು ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಮಾಧ್ವರ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು; ಹೊಸಿಲ ಒಳಗೂ ಅರ್ಧ ತಮಿಳು ಎಂಬುದು ನಮಗೆ ನೆಂಟರು ಹೇಳಿದಾಗಲೇ ಗೊತ್ತಾಗುವುದು. ಅಮ್ಮನಿಗೆ ಸರಣಿಯ ಕಥೆ ಹೇಳಿದೆ. ಇನ್ನು ಹತ್ತು ವರ್ಷದ ಮುಂದಿನ ಕಾಲ. ಮಿದುಳಿನ ವಿಜ್ಞಾನಿಯೊಬ್ಬಳಿಗೆ ಮರೆವಿನ ಕಾಯಿಲೆ ಶುರುವಾಗುತ್ತದೆ. ಅರ್ಧಕ್ಕೆ ನಿಂತ ಸಂಶೋಧನೆ ಮುಗಿಸಬೇಕೆಂದು ಅವಳು ತಾನೇ ಕಟ್ಟಿದ ಕೃತಕ ಬುದ್ಧಿಯನ್ನು ತನ್ನ ತಲೆಯೊಳಗೆ ಕೂರಿಸಿಕೊಳ್ಳುತ್ತಾಳೆ. ಮೊದಲು ಅದು ಮರೆತ ಹೆಸರುಗಳನ್ನು ನೆನಪಿಸಿಕೊಡುತ್ತದೆ, ಆಮೇಲೆ ಅವಳ ಪರವಾಗಿ ತೀರ್ಮಾನ ಮಾಡತೊಡಗುತ್ತದೆ. ಅಷ್ಟರಲ್ಲಿ ಒಂದು ಕೊಲೆ. ಮಾಡಿದ್ದು ಅವಳೋ ಅದೋ ಎಂದು ಪೊಲೀಸರು ತಲೆ ಕೆಡಿಸಿಕೊಳ್ಳುತ್ತಾರೆ.

ಅಮ್ಮ ಪೂರ್ತಿ ಕೇಳಿಸಿಕೊಂಡಳು. "ಅದೆಲ್ಲ ಸರಿ. ತಲೆಯೊಳಗೆ ಮಿಷಿನ್ ಇಟ್ಕೊಂಡ್ರೆ ಅಪ್ಪುರಂ ಅವಳು ಎಣ್ಣೆ ಸ್ನಾನ ಹೇಗೆ ಮಾಡ್ತಾಳೆ?" ಎಂದಳು.

ಸೋಮವಾರದಿಂದ ಲೋಕಲ್ ರೈಲು ಹಿಡಿದು ಸ್ಟುಡಿಯೋಗೆ ಹೋಗತೊಡಗಿದೆ. ಕನ್ನಡದ ಉಸ್ತುವಾರಿಗೆ ಇದ್ದವರು ಮೈಸೂರಿನವರು, ಮೂವತ್ತೈದರ ಆಸುಪಾಸು, ಚೆನ್ನೈಗೆ ಬಂದು ಮೂರು ವರ್ಷವಾಗಿತ್ತಂತೆ. ಸಂಭಾಷಣೆ ಬರೆಯುವುದೂ ಅವರೇ, ಉಚ್ಚಾರ ತಿದ್ದುವುದೂ ಅವರೇ. ಮೊದಲ ನಾಲ್ಕು ಕಂತು ಸಲೀಸಾಗಿ ಮುಗಿದವು. ಐದರಲ್ಲಿ ನಾಯಕಿಯ ತಲೆಗೆ ಯಂತ್ರ ಸೇರುತ್ತದಲ್ಲ, ಅಲ್ಲಿಂದ ಯಂತ್ರದ ಮಾತೆಲ್ಲ ನಿಜವಾಗಿಯೂ ಯಂತ್ರವೇ ಆಡಬೇಕು, ಆದರೆ ಅವಳದೇ ದನಿಯಲ್ಲಿ ಎಂದು ನಿರ್ಮಾಪಕರ ಆಸೆ. ಅದಕ್ಕೆ ನನ್ನ ದನಿಯ ಮಾದರಿ ಬೇಕು, ಅದನ್ನು ಕಂಪ್ಯೂಟರಿಗೆ ಕಲಿಸುತ್ತೇವೆ ಎಂದರು.

ನಾನು ಕನ್ನಡಕ ಹಾಕಿಕೊಂಡು ಒಪ್ಪಂದದ ಕಾಗದವನ್ನು ಎರಡು ಸಲ ಓದಿದೆ. ಈ ದನಿ ಈ ಸರಣಿಗೆ ಮಾತ್ರ, ಬೇರೆ ಯಾವುದಕ್ಕೂ ಯಾರಿಗೂ ಬಳಸಕೂಡದು, ಕೆಲಸ ಮುಗಿದ ಮೇಲೆ ಅಳಿಸಬೇಕು ಎಂದು ಒಂದು ಸಾಲು ಸೇರಿಸಿದರೆ ಸಹಿ ಹಾಕುತ್ತೇನೆ ಅಂದೆ. ಎಂಜಿನಿಯರ್ ಹುಡುಗಿ ನಿರ್ಮಾಪಕರಿಗೆ ಫೋನು ಮಾಡಿ ಒಪ್ಪಿಸಿ, ತಾನೇ ಪೆನ್ನಿನಲ್ಲಿ ಬರೆದುಕೊಟ್ಟಳು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಎರಡು ದಿನ ಅವರು ಕೊಟ್ಟ ವಾಕ್ಯಗಳನ್ನು ಓದಿದೆ. ಮೂರನೆಯ ದಿನ ಸುಮ್ಮನೆ ಮನಸ್ಸಿಗೆ ಬಂದದ್ದು ಮಾತಾಡಿ ಅಂದರು. ಅಮ್ಮನ ವಿಷಯ, ರೈಲಿನಲ್ಲಿ ಸೀಟಿಗಾಗಿ ನಡೆದ ಜಗಳ, ಮಿಕ್ಸಿ ಮುಚ್ಚಳ, ಹೀಗೆ ಒಂದೂವರೆ ಗಂಟೆ ಬಾಯಿ ಮುಚ್ಚಲಿಲ್ಲ.

ವಾರ ಕಳೆದು ಹುಡುಗಿ ಸ್ಪೀಕರಿನಲ್ಲಿ ಒಂದು ವಾಕ್ಯ ಹಾಕಿದಳು. "ನಿನಗೆ ಭಯವಾದರೆ ಆ ಭಯವನ್ನು ನನಗೆ ಕೊಡು." ನಾನು ಜನ್ಮದಲ್ಲಿ ಆಡದ ಮಾತು, ನನ್ನ ಗಂಟಲಿನಲ್ಲಿ. ಸೀರೆ ಅಂಗಡಿಯ ಎರಡು ಕನ್ನಡಿಗಳ ನಡುವೆ ನಿಂತಾಗ ಇದ್ದಕ್ಕಿದ್ದಂತೆ ನಮ್ಮದೇ ಬೆನ್ನು ಕಾಣುತ್ತದಲ್ಲ, ಹಾಗೆ ಆಯಿತು. ಖುಷಿಯೂ ಆಯಿತು ಎನ್ನಬೇಕು. ಇನ್ನೊಂದು ಹಾಕು ಎಂದು ನಾನೇ ಕೇಳಿದೆ.

ಮೈಸೂರಿನವರ ಮುಖ ಮಾತ್ರ ಪೆಚ್ಚಾಗಿತ್ತು. ತುಂಬ ಹೊತ್ತು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿ ಕೊನೆಗೆ ಹೇಳಿದರು. "ಮೇಡಂ, ಬೇಜಾರ್ ಮಾಡ್ಕೋಬೇಡಿ. ಮಿಷಿನ್ನು ಮದ್ರಾಸ್ ಮಾಮಿ ಥರ ಮಾತಾಡ್ತಿದೆ."

ಬೇಜಾರಾಗದೆ ಇರುತ್ತದೆಯೇ? ಆದರೆ ಮತ್ತೆ ಕೇಳಿದಾಗ ನನಗೂ ಗೊತ್ತಾಯಿತು. ಭಯ ಅನ್ನುವ ಕಡೆ ಬಯ ಎನ್ನುತ್ತಿತ್ತು. ಎಲ್ಲೂ ಮಹಾಪ್ರಾಣವಿಲ್ಲ. ಪ್ರತಿ ವಾಕ್ಯದ ಕೊನೆಯನ್ನೂ ತಮಿಳಿನ ರಾಗದಲ್ಲಿ ಎತ್ತಿ ಬಿಡುತ್ತಿತ್ತು. ಮೂವತ್ತು ವರ್ಷ ಮೈಕಿನ ಮುಂದೆ ಜೋಪಾನವಾಗಿ ಮುಚ್ಚಿಟ್ಟುಕೊಂಡು ಬಂದದ್ದನ್ನು ಆ ಒಂದೂವರೆ ಗಂಟೆಯಲ್ಲಿ ಧಾರಾಳವಾಗಿ ಹೊರಗೆ ಹಾಕಿದ್ದೆ, ಕಂಪ್ಯೂಟರು ಅದನ್ನೇ ಶ್ರದ್ಧೆಯಿಂದ ಕಲಿತಿತ್ತು.

ಮಾದರಿಯನ್ನು ಹೊಸದಾಗಿ ತೆಗೆದೆವು. ಈ ಸಲ ಮೈಸೂರಿನವರು ಗಾಜಿನ ಆಚೆ ಕೂತು ಒಂದೊಂದು ಅಕ್ಷರಕ್ಕೂ ಕೈ ಎತ್ತುತ್ತಿದ್ದರು. ಘಟನೆ, ಗಟನೆ ಅಲ್ಲ. ಫಲ, ಪಲ ಅಲ್ಲ. ವಾಕ್ಯದ ಕೊನೆಯನ್ನು ಕೆಳಗೆ ಇಳಿಸಿ. ಶಾಲೆಯಲ್ಲಿ ತಮಿಳು ಓದಿದ ನನಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕನ್ನಡದ ಮೇಷ್ಟ್ರು ಸಿಕ್ಕಿದ್ದರು. ಮನೆಯಲ್ಲೂ ತರಕಾರಿ ಹೆಚ್ಚುತ್ತ ಖ, ಘ, ಛ, ಝ ಎಂದು ಅಭ್ಯಾಸ ಮಾಡುತ್ತಿದ್ದೆ. ಕಷಾಯ ಮಾಡಿ ಕೊಡಲಾ, ಗಂಟಲಿಗೆ ಏನಾಗಿದೆ ಎಂದು ಅಮ್ಮ ಕೇಳಿದಳು.

ಎರಡನೆಯ ಸಲ ಹುಟ್ಟಿದವಳು ಅಪರಂಜಿ. ಎಷ್ಟು ಸ್ಪಷ್ಟ, ಎಷ್ಟು ನಿಧಾನ. ಮೈಸೂರಿನವರು ಕಣ್ಣು ಮುಚ್ಚಿ ಕೇಳಿದರು. ನಾನು ಹುಡುಗಿಯ ಅನುಮತಿ ಕೇಳಿ ಒಂದು ನಿಮಿಷದಷ್ಟನ್ನು ಫೋನಿಗೆ ಹಾಕಿಸಿಕೊಂಡು ಮನೆಗೆ ತಂದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಅಮ್ಮನ ಕಣ್ಣು ಮಂಜಾಗಿ ಎರಡು ವರ್ಷ. ದಿನಾ ಬೆಳಿಗ್ಗೆ ಕಾಫಿಯಾದ ಮೇಲೆ ಅರ್ಧ ಗಂಟೆ ನಾನು ಅವಳಿಗೆ ಪುರಾಣದ ಪುಸ್ತಕ ಓದಿ ಹೇಳಬೇಕು. ಒಲೆಯ ಮೇಲೆ ಕುಕ್ಕರು, ಕಣ್ಣು ಗಡಿಯಾರದ ಮೇಲೆ. ನನ್ನ ಓದಿನಲ್ಲಿ ಎಂಥ ರಾಕ್ಷಸನೂ ಐದು ನಿಮಿಷದೊಳಗೆ ಸಾಯುತ್ತಿದ್ದ.

ಅಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ಆ ಒಂದು ನಿಮಿಷವನ್ನು ಮೂರು ಸಲ ಕೇಳಿದಳು. ಇದು ಯಾರು ಹೇಳು ನೋಡೋಣ ಅಂದೆ. ನಮ್ಮ ಕಡೆಯವಳೇ, ಆದರೆ ಚೆನ್ನಾಗಿ ಬೆಳೆಸಿದಾರೆ ಎಂದಳು. ನಾನೇ ಅಮ್ಮ, ನನ್ನ ದನಿಯನ್ನು ಮಿಷಿನ್ ಕಲಿತು ಮಾತಾಡುತ್ತಿದೆ ಎಂದು ವಿವರಿಸಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಹಾಗಿದ್ರೆ ನಾಳೆಯಿಂದ ಪುರಾಣ ಅವಳೇ ಓದಲಿ," ಎಂದಳು. "ನಿನಗೂ ಅಡುಗೆಗೆ ಲೇಟಾಗಲ್ಲ. ಅವಳು ಒಂದೊಂದು ಮಾತೂ ನಿಲ್ಲಿಸಿ ಹೇಳ್ತಾಳೆ, ನೀನು ರೈಲು ಓಡಿಸ್ತೀಯ."

ಆಗುವುದಿಲ್ಲ ಎಂದೆ. ಯಾಕೆ ಅಂದಳು. ಈ ಸರಣಿ ಬಿಟ್ಟು ಬೇರೆಲ್ಲೂ ಬಳಸಕೂಡದು ಎಂದು ಕಾಗದದಲ್ಲಿದೆ. ಯಾರು ಹಾಗೆ ಬರೆಸಿದ್ದು? ನಾನೇ. ಅಮ್ಮ ತುಳಸಿಗೆ ನೀರು ಹಾಕಲು ಬಾಲ್ಕನಿಗೆ ಹೋದಳು.

ನನಗೆ ಹೊಟ್ಟೆಕಿಚ್ಚಾಯಿತು. ನನ್ನ ದನಿಯ ಮೇಲೆ ನನಗೇ ಹೊಟ್ಟೆಕಿಚ್ಚು! ಮರುದಿನ ಕುಕ್ಕರು ಇಳಿಸಿಟ್ಟೇ ಪುಸ್ತಕ ಹಿಡಿದು ಕೂತೆ. ಅವಳ ಹಾಗೆ ನಿಧಾನವಾಗಿ, ಮಹಾಪ್ರಾಣಗಳನ್ನು ಎದೆಯಿಂದ ಎತ್ತಿ, ವಾಕ್ಯದ ಕೊನೆಯನ್ನು ಇಳಿಸಿ ಓದಿದೆ. ಅಮ್ಮ ಪರವಾಯಿಲ್ಲೆ ಎಂದಳು. ಅಮ್ಮನ ಬಾಯಲ್ಲಿ ಅದು ದೊಡ್ಡ ಪ್ರಶಸ್ತಿ. ಮೂರು ವಾರ ಹಾಗೇ ಓದಿದೆ. ಅರ್ಧ ಗಂಟೆ ಮುಕ್ಕಾಲು ಗಂಟೆಯಾಯಿತು, ಮಧ್ಯೆ ಮಧ್ಯೆ ಅಮ್ಮ ತನ್ನ ತಂದೆ ಅದೇ ಕಥೆಯನ್ನು ಹೇಗೆ ಹೇಳುತ್ತಿದ್ದರು ಎಂದು ಸೇರಿಸತೊಡಗಿದಳು.

ಸ್ಟುಡಿಯೋದಲ್ಲಿ ಕೊನೆಯ ಕಂತು ಬಂತು. ವಿಜ್ಞಾನಿಗೂ ಅವಳ ತಲೆಯೊಳಗಿನ ಯಂತ್ರಕ್ಕೂ ಎಂಟು ನಿಮಿಷದ ವಾಗ್ವಾದ. ಒಂದು ಮಾತು ನನ್ನದು, ಒಂದು ಅದರದು; ನಾನು ಅಂದದ್ದನ್ನೇ ಅದು ಚಾಚೂ ತಪ್ಪದೆ ನನಗೆ ತಿರುಗಿಸಿ ಅನ್ನಬೇಕು. ಮಧ್ಯಾಹ್ನ ನನ್ನ ಭಾಗ ಹೇಳಿ ಮುಗಿಸಿದೆ. ಹುಡುಗಿ ಯಂತ್ರದ ಭಾಗವನ್ನೂ ತಯಾರಿಸಿ ಎರಡನ್ನೂ ಜೋಡಿಸಿ ಕೇಳಿಸಿದಳು. ಮೈಸೂರಿನವರು, ಇವತ್ತು ಮಿಷಿನ್ ಏನು ಚೆನ್ನಾಗಿ ಹೇಳಿದೆ ಎಂದು ತಲೆದೂಗಿದರು. ಅದು ಅಕ್ಕ, ಮಿಷಿನ್ ಅಲ್ಲ ಎಂದು ಹುಡುಗಿ ಹೇಳಿದಳು. ಹೇಳಿದವಳಿಗೇ ಅನುಮಾನ ಬಂತು. ಜೋಡಿಸುವ ಮೊದಲು ಎರಡು ಫೈಲಿಗೂ ಹೆಸರು ಹಾಕಲು ಮರೆತಿದ್ದಳು.

ಮೂವರೂ ಮತ್ತೆ ಕೇಳಿದೆವು. ಮತ್ತೊಮ್ಮೆ ಕೇಳಿದೆವು. ಅಕ್ಕಾ ನೀವೇ ಹೇಳಿ, ಇದು ನೀವಾ ಎಂದು ಅವಳು ಕೇಳಿದಾಗ, ನನಗೂ ತಿಳಿಯುತ್ತಿಲ್ಲ, ಇನ್ನೊಮ್ಮೆ ಹಾಕು ಎಂದೆ. ಅಷ್ಟು ದಿನ ತಮಾಷೆಯಾಗಿ ಕಂಡದ್ದು ಆಗ ಸ್ವಲ್ಪ ಹೆದರಿಸಿತು. ಕೊನೆಗೆ ಹುಡುಗಿ ಹೆಡ್‌ಫೋನ್ ಹಾಕಿಕೊಂಡು ಸದ್ದನ್ನು ಪೂರ್ತಿ ಏರಿಸಿ ಕೇಳಿದಳು. ಒಂದು ಕಡೆ ಬಳೆಯ ಸಣ್ಣ ಕಿಣಿ ಸಿಕ್ಕಿತು. ಅವತ್ತು ನಾನು ಪಕ್ಕದ ಮನೆಯ ಸೊಸೆಯ ಸೀಮಂತದಿಂದ ನೇರ ಬಂದಿದ್ದೆ, ಗಾಜಿನ ಬಳೆ ತೆಗೆಯಲು ಮರೆತು ಮೈಕಿನ ಮುಂದೆ ನಿಂತಿದ್ದೆ. ಬೇರೆ ದಿನವಾಗಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವತ್ತು ಹುಡುಗಿ ನನ್ನ ಕೈ ಹಿಡಿದು ಕುಲುಕಿ ನಕ್ಕಳು.

ಮೈಸೂರಿನವರು ನಗಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ಟೀ ಕೊಡಿಸಿದರು. ತಪ್ಪು ನನ್ನದೇ, ನಿಮ್ಮನ್ನು ಅತಿಯಾಗಿ ತಿದ್ದಿಬಿಟ್ಟೆ ಎಂದರು. ಅವರಿಗೆ ಯುಕೆಜಿ ಓದುವ ಮಗಳಿದ್ದಾಳಂತೆ. ಮನೆಯಲ್ಲಿ ಇವರು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲೇ ಉತ್ತರ ಕೊಡುತ್ತಾಳಂತೆ. ಟೀ ಲೋಟವನ್ನೇ ನೋಡುತ್ತ ಹೇಳಿದರು: "ಮದ್ರಾಸ್ ಮಾಮಿ ಅಂದಿದ್ದೆ ನಿಮ್ಮನ್ನ. ನಿಮ್ಮ ಮನೇಲಿ ಮೂರು ತಲೆಮಾರು ಉಳಿಸ್ಕೊಂಡಿದೀರಿ ಮೇಡಂ. ನನ್ನ ಕೈಲಿ ಮೂರು ವರ್ಷ ಆಗ್ತಿಲ್ಲ."

ಮಗಳಿಗೆ ಕಥೆ ಓದಿ ಹೇಳಿ, ಉತ್ತರ ಯಾವ ಭಾಷೆಯಲ್ಲಿ ಬಂದರೂ ಬೈಯಬೇಡಿ ಎಂದೆ. ನಮ್ಮಮ್ಮ ನನಗೆ ಮಾಡಿದ್ದು ಅಷ್ಟೇ.

ಒಳಗೆ ಬಂದು ನನ್ನ ಭಾಗವನ್ನು ಮತ್ತೆ ಹೇಳಿದೆ, ಈ ಸಲ ಬಾಯಿಗೆ ಬಂದ ಹಾಗೆ. ವಾಕ್ಯದ ಕೊನೆ ಎಲ್ಲೆಲ್ಲಿ ಎತ್ತಬೇಕು ಅನಿಸಿತೋ ಎತ್ತಿದೆ. ಗಾಜಿನ ಆಚೆ ಯಾರ ಕೈಯೂ ಮೇಲೆ ಬರಲಿಲ್ಲ. ಅಪರಂಜಿಯ ಎದುರು ನನ್ನ ದನಿ ಜಗಳಗಂಟಿಯ ಹಾಗೆ ಕೇಳಿಸಿತು, ಆ ದೃಶ್ಯಕ್ಕೆ ಅದು ಒಪ್ಪಿತು.

ಕೆಲಸ ಮುಗಿದ ದಿನ ಹುಡುಗಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ದನಿಯ ಫೈಲುಗಳನ್ನು ಅಳಿಸಿದಳು. ಅದಕ್ಕೂ ಮೊದಲು, ನಿಮ್ಮದೇ ಅಲ್ವಾ ಅಕ್ಕಾ, ಪೆನ್ ಡ್ರೈವಿಗೆ ಹಾಕಿಕೊಡಲಾ, ಅಮ್ಮನಿಗೆ ಆಗುತ್ತದಲ್ಲ ಎಂದು ಕೇಳಿದಳು. ಸ್ವಲ್ಪ ಯೋಚನೆ ಮಾಡಿ ಬೇಡ ಎಂದೆ. ಅಮ್ಮನಿಗೆ ಅವಳು ಬೇಕಿದ್ದಳು, ನಿಜ. ಬೆಳಗಿನ ಆ ಮುಕ್ಕಾಲು ಗಂಟೆ ಅಷ್ಟರಲ್ಲಿ ನನಗೂ ಬೇಕಾಗಿತ್ತು.

ಸರಣಿ ಬಂದು ನಾಲ್ಕು ದಿನಕ್ಕೆ ತಿರುವಲ್ಲಿಕ್ಕೇಣಿಯಿಂದ ಚಿಕ್ಕಮ್ಮ ಫೋನು ಮಾಡಿದಳು. ಒಂದೇ ಸಮ ಕೂತು ಎಲ್ಲ ಕಂತನ್ನೂ ನೋಡಿ ಮುಗಿಸಿದ್ದಳು. ಕೊನೆಯಲ್ಲಿ ಆ ಇಬ್ಬರು ಮಾತಾಡೋದು ಹೇಗಿತ್ತು ಎಂದು ಕೇಳಿದೆ.

"ಇಬ್ಬರು ಎಲ್ಲಿ ಬಂದ್ರು?" ಎಂದಳು ಚಿಕ್ಕಮ್ಮ. "ಅವಳೊಬ್ಬಳೇ ತಾನೇ ತನಗೆ ಬೈಕೋತಾ ಇದ್ದಳು. ನಾನೂ ಹಾಗೇ ಮಾಡ್ತೀನಿ, ಸಾಂಬಾರಿಗೆ ಉಪ್ಪು ಮರೆತಾಗ."