ಸುಧಾರಾಣಿ ಹಚ್ಚಿದ ಟೇಪು

ಯಶವಂತನಗರದ ಗಣಿ ತರಬೇತಿ ಕೇಂದ್ರದಲ್ಲಿ ಸುಧಾರಾಣಿಗೆ ಎರಡೇ ಶತ್ರು: ಕೆಂಪು ಧೂಳು ಮತ್ತು ಡೈರೆಕ್ಟ್‌ತ್ರೀಡಿ. ಧೂಳಿಗೆ ಟೇಪು ಹಚ್ಚುತ್ತಿದ್ದಳು. ಇನ್ನೊಂದರ ಹೆಸರೆತ್ತಿದರೆ ಬಾಯಿ ಮಾಡುತ್ತಿದ್ದಳು.

ನಾನು ಪಾಲಪ್ಪ, ಅಲ್ಲೇ ಟಿಪ್ಪರ್ ಓಡಿಸುವುದನ್ನು ಕಲಿಸುವವನು. ಹೊಸ ಡ್ರೈವರುಗಳು ಗಣಿಗೆ ಇಳಿಯುವ ಮೊದಲು ಪರದೆಯ ಮೇಲೆ ಓಡಿಸಿ ಕಲಿಯಲೆಂದು ಮಲಪನಗುಡಿಯ ಈ ಹೆಣ್ಣುಮಗಳು ಮೂರು ವರ್ಷ ಕೂತು ಒಂದು ಪ್ರೋಗ್ರಾಂ ಬರೆದಳು. ವಿಂಡೋಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನಿಂದ ಚಿತ್ರ ಬರೆಸಲು ಬೇರೆ ಬೇರೆ ದಾರಿಗಳಿವೆಯಂತೆ. ಇವಳದು ಓಪನ್‌ಜಿಎಲ್ ದಾರಿ. ಪಕ್ಕದ ಮೇಜಿನ ಹುಲುಗೇಶ್ ಆರೇ ತಿಂಗಳಲ್ಲಿ ಡೈರೆಕ್ಟ್‌ತ್ರೀಡಿ ಎಂಬ ಬೇರೆ ದಾರಿಯಲ್ಲಿ ಇನ್ನೊಂದು ಪ್ರೋಗ್ರಾಂ ಬರೆದು ನಿಲ್ಲಿಸಿದ. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳುತ್ತೇವೆ ಎಂದರು ಮ್ಯಾನೇಜರ್ ವಿರೂಪಾಕ್ಷಪ್ಪ.

ಪರೀಕ್ಷೆಗೆಂದು ಹೊಸ ಕಂಪ್ಯೂಟರ್ ಬಂತು. ಹುಲುಗೇಶನ ಟಿಪ್ಪರ್ ಕುಂಟುತ್ತಾ ಓಡಿತು. ಸುಧಾರಾಣಿಯದು ತೆರೆಯಲೇ ಇಲ್ಲ, ಪರದೆ ಪೂರಾ ಕಪ್ಪು. ಅಯ್ಯೋ ಶಿವನೇ, ಮೂರು ವರ್ಷದ ದುಡಿಮೆ!

“ಲೇ ಹುಲುಗೇಶಾ, ನೀನ ಏನೋ ಮಾಡೀಯಲೇ! ನನ್ನ ಅನ್ನಕ್ಕ ಮಣ್ಣು ಹಾಕಿದಿ!” ಎಂದು ಇಪ್ಪತ್ತು ಡ್ರೈವರುಗಳ ಎದುರಿಗೇ ಸುಧಾರಾಣಿ ಕೂಗಾಡಿದಳು.

“ನಾ ಮುಟ್ಟೇ ಇಲ್ರಿ ಮೇಡಂ,” ಎಂದ ಅವನು.

“ಸಾಕು ಬಿಡ್ರಿ. ಚಾ ಕುಡ್ದು ಬಂದು ಹುಲುಗೇಶಂದಕ್ಕ ಸಹಿ ಹಾಕ್ತೀನಿ,” ಎಂದು ಮ್ಯಾನೇಜರ್ ಎದ್ದು ಹೋದರು.

ಹುಲುಗೇಶ್ ಕಂಪ್ಯೂಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತ. ಪರದೆಯ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿರಲಿಲ್ಲ, ಕಂಪ್ಯೂಟರಿನದೇ ಮಾಮೂಲಿ ಕಿಂಡಿಯಲ್ಲಿತ್ತು. ಕಾರ್ಡಿನ ಸಹಾಯವಿಲ್ಲದೆಯೂ ಅವನದು ಹೇಗೋ ತೆವಳುತ್ತದೆ, ಇವಳದು ಜಪ್ಪಯ್ಯ ಎಂದರೂ ಏಳುವುದಿಲ್ಲ. ಕಾರ್ಡಿನ ಕಿಂಡಿಗೆ ಅಗಲವಾದ ಟೇಪು ಹಚ್ಚಿತ್ತು. ಅದರ ಮೇಲೆ ನೀಲಿ ಪೆನ್ನಿನಲ್ಲಿ: ‘ಧೂಳು. ತೆಗೆಯಬೇಡಿ. ಸುಧಾರಾಣಿ.’

ಕಂಪ್ಯೂಟರ್ ಬಂದ ದಿನವೇ, ಕೇಬಲ್ ಸಿಕ್ಕಿಸುವ ಮೊದಲೇ, ಕಾರ್ಡಿನ ಕಿಂಡಿಗಳನ್ನೆಲ್ಲ ಮುಚ್ಚಿದವಳು ಅವಳೇ! ಕೇಬಲ್ ಸಿಕ್ಕಿಸಿದವನಿಗೆ ತೆರೆದು ಕಂಡದ್ದು ಮಾಮೂಲಿ ಕಿಂಡಿಯೊಂದೇ. ತನ್ನ ಅಕ್ಷರ ನೋಡಿ ಗರಬಡಿದವಳಂತೆ ನಿಂತಳು. ಹುಲುಗೇಶ್ ಟೇಪು ಕಿತ್ತು, ಹೆಸರು ಕಾಣದಂತೆ ಮಡಚಿ ಜೇಬಿಗೆ ಹಾಕಿಕೊಂಡು ಕೇಬಲ್ ಬದಲಿಸಿದ.

ಮ್ಯಾನೇಜರ್ ಬಂದಾಗ ಅವಳ ಟಿಪ್ಪರ್ ಘಾಟಿಯ ತಿರುವುಗಳಲ್ಲಿ ನಿಜವಾದದ್ದರಂತೆ ಇಳಿಯುತ್ತಿತ್ತು. ಹುಲುಗೇಶನದನ್ನೂ ಮತ್ತೆ ಓಡಿಸಿದರು. ಚೆನ್ನಾಗಿಯೇ ಓಡಿತು, ಆದರೆ ಇವಳದರ ಮುಂದೆ ಸಪ್ಪೆ.

“ಮೇಡಂ, ನಿಮ್ದನ್ನ ಇಟ್ಕೊಂತೀವಿ. ಆವಾಗ ಏನಾಗಿತ್ತು?”

“ಕೇಬಲ್ ಸಡ್ಲ ಆಗಿತ್ರಿ ಸರ್,” ಎಂದ ಹುಲುಗೇಶ್.

“ಸಡ್ಲ ಅಲ್ರಿ,” ಎಂದಳು ಸುಧಾರಾಣಿ. “ನಾನ ಟೇಪು ಹಚ್ಚಿ ಮುಚ್ಚಿದ್ದೆ. ಎಲ್ಲರ ಮುಂದ ಇವನ್ನ ಬೈದೀನಿ. ಎಲ್ಲರೂ ಕೇಳ್ರಿ, ಇವ ಏನೂ ಮಾಡಿಲ್ಲ.”