ಗೋಡೆಗೆ ಬಡಿದ ಕವಳಿ ಬೀಜ

ಒಂದು ಕವಳಿ ಗಿಡಕ್ಕಾಗಿ ಮೂರು ವರ್ಷ ಹೆಣಗಿದೆ. ಹುಳಿ ಹಣ್ಣು ಬಿಡುವ ಮುಳ್ಳಿನ ಗಿಡ, ಗುಡ್ಡದಲ್ಲಿ ಯಾರೂ ಕೇಳದೆ ಬೆಳೆಯುತ್ತದೆ. ನನ್ನ ಹಿತ್ತಲಲ್ಲಿ ಮಾತ್ರ ಹುಟ್ಟಲಿಲ್ಲ.

ನನ್ನ ತವರು ಸೊಕ್ಕೆ. ಅಲ್ಲಿ ನಮ್ಮ ಹೊಲದ ಬದುವಿನ ಮೇಲೆ ಕವಳಿಯ ಪೊದೆ ಇತ್ತು. ಕೊಟ್ಟ ಊರು ಗೋವಿನಕೋವಿ. ಇಲ್ಲಿ ನೀರುಂಟು, ಕವಳಿ ಇಲ್ಲ. ಬೇಸಿಗೆಯಲ್ಲಿ ಹೋಗಿ ಹಣ್ಣು ತಂದು, ಬೀಜ ತೆಗೆದು, ಸಗಣಿಯಲ್ಲಿ ಕಲಸಿ ಗೋಡೆಗೆ ಬಡಿದೆ. ಸೌತೆ, ಹೀರೆ ಬೀಜಗಳನ್ನು ನಾವು ಇಡುವುದೇ ಹಾಗೆ. ಮುಂದಿನ ವರ್ಷದ ಮುಂಗಾರಿಗೆ ಬಿಡಿಸಿ ಊರಬೇಕು. ನಮ್ಮವ್ವ ಕಲಿಸಿದ್ದು. ಎರಡು ಮುಂಗಾರು ಊರಿದೆ, ಒಂದೂ ಮೊಳೆಯಲಿಲ್ಲ. ಇರುವೆ ತಿಂದವು ಅಂದುಕೊಂಡೆ.

ಹೋದ ಬೇಸಿಗೆಯಲ್ಲಿ ತಮ್ಮ ಫೋನ್ ಮಾಡಿದ. “ಅಕ್ಕಾ, ಆ ಪೊದೆ ಕೀಳಿಸ್ತೀನಿ. ಟ್ರ್ಯಾಕ್ಟರ್ ತಿರುಗಾಕೆ ಆಗಾಕಿಲ್ಲ. ಹಣ್ಣು ಬೇಕಿದ್ರೆ ಈಗ್ಲೇ ಬಂದು ಬಿಡಿಸ್ಕಂಡು ಹೋಗು.”

ಹೋಗಲೇಬೇಕಾಯಿತು. ಅದು ಹೋದರೆ ಬೀಜಕ್ಕೂ ಗತಿಯಿಲ್ಲ. ಜಗಳೂರು, ದಾವಣಗೆರೆ, ಹೊನ್ನಾಳಿ ಅಂತ ಬಸ್ಸು ಹತ್ತಿ ಇಳಿದು ಮೊಣಕಾಲು ಬಿದ್ದುಹೋದವು. ಹಣ್ಣಿನ ಚೀಲ ಮನೆಯಲ್ಲಿ ಇಳಿಸುವ ಮೊದಲೇ ಸೊಸೆ ಶುರು ಮಾಡಿದಳು.

“ಮತ್ತೆ ಅದೇ ತಂದ್ರಾ ಅತ್ತೆ? ಹಿತ್ತಲಾಗೆ ಮುಳ್ಳು ಬೆಳೆಸಿ ಯಾರ ಸೀರೆ ಹರೀಬೇಕು?”

“ನಿನ್ನ ಸೀರೆ ದೂರ ಒಣಗಾಕು,” ಅಂದೆ.

ಅರ್ಧ ಹಣ್ಣಿನ ಬೀಜ ಗೋಡೆಗೆ ಹೋಯಿತು. ಉಳಿದರ್ಧವನ್ನು ಸೊಸೆ ಕಿವುಚಿ ಗೊಜ್ಜು ಮಾಡಿ, ಬೀಜವನ್ನು ಪಾತ್ರೆ ತೊಳೆದ ನೀರಿನ ಜೊತೆ ಬಚ್ಚಲ ಹಿಂದೆ ಚೆಲ್ಲಿದಳು. ಮಳೆ ಬಿದ್ದು ತಿಂಗಳಾಗಿತ್ತು, ಹಿತ್ತಲಿಂದ ಕೂಗಿದಳು.

“ಬರ್ರಿ ಅತ್ತೆ. ನೀವು ಗೋಡೆ ಕಾಯ್ಕಂತ ಕುಂತೀರಿ, ಗಿಡ ಇಲ್ಲಿ ಐತೆ.”

ನಾಲ್ಕು ಸಸಿ. ಎಲೆ ಚಿವುಟಿದೆ, ಹಾಲು ಬಂತು. ಕವಳಿಯೇ. ಒಳಗೆ ಹೋಗಿ ಗೋಡೆಯಿಂದ ಒಂದು ಬೀಜ ಕಿತ್ತು ಉಗುರಿನಲ್ಲಿ ಸೀಳಿದೆ. ಒಳಗೆ ಒಣಗಿ ಹೋಗಿತ್ತು. ಈ ಬೀಜ ವರ್ಷ ಕಾಯುವುದಿಲ್ಲ, ಹಸಿಯಾಗಿಯೇ ಮಣ್ಣಿಗೆ ಬೀಳಬೇಕು. ಇಷ್ಟು ತಿಳಿಯಲು ಇಷ್ಟು ಓಡಾಡಿದೆ. ತಮ್ಮ ಅಷ್ಟರಲ್ಲಿ ಪೊದೆ ಕಿತ್ತು ಬದು ಸಮ ಮಾಡಿದ್ದ.

“ಬೇಲಿ ಸಾಲಿಗೆ ಹಾಕನ ಬಿಡ್ರಿ, ದನನಾದ್ರೂ ನುಗ್ಗಾಕಿಲ್ಲ,” ಅಂದಳು ಸೊಸೆ. ಗುಂಡಿಯನ್ನೂ ಅವಳೇ ತೋಡಿದಳು. ಎರಡು ಸತ್ತವು, ಉಳಿದೆರಡು ಗೇಣುದ್ದ ಬಂದಿವೆ. ಕೊಡ ಎತ್ತಲು ನನ್ನಿಂದ ಆಗುವುದಿಲ್ಲ, ನೀರು ಅವಳೇ ಹಾಕುತ್ತಾಳೆ. ಗೋಡೆಯ ಮೇಲಿನ ಕವಳಿ ಬೀಜ ಕೆರೆದು ತಿಪ್ಪೆಗೆ ಹಾಕಿದೆ. ಸೌತೆ ಬೀಜ ಅಲ್ಲೇ ಬಿಟ್ಟಿದ್ದೇನೆ.