ಹಾಲು ಕರೆಯುವ ಹೊತ್ತಿನ ಮತ

2016ರಲ್ಲಿ ನಾನು ಹೊಸನಗರ ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದೆ. ರಿಪ್ಪನ್‌ಪೇಟೆಯಿಂದ ಏಳು ಕಿಲೋಮೀಟರ್ ಒಳಗಿನ ಊರು. ದಿನಕ್ಕೆರಡು ಹೊತ್ತು ಹಾಲು ಅಳೆಯುವುದು, ಫ್ಯಾಟ್ ಪರೀಕ್ಷೆ ಮಾಡುವುದು, ರಿಜಿಸ್ಟರ್ ಬರೆಯುವುದು, ಸೆಪ್ಟೆಂಬರಿನಲ್ಲಿ ಸರ್ವ ಸದಸ್ಯರ ಸಭೆಗೆ ಏರ್ಪಾಡು ಮಾಡುವುದು ನನ್ನ ಕೆಲಸ. ಕಾರ್ಯದರ್ಶಿ ಸಂಘದ ನೌಕರಳು, ಯಾರ ಪಕ್ಷವನ್ನೂ ವಹಿಸಬಾರದು ಎನ್ನುತ್ತಾರೆ. ನಾನು ವಹಿಸಿದೆ. ಅದನ್ನು ಮುಚ್ಚಿಡಲು ಈ ಲೇಖನ ಬರೆಯುತ್ತಿಲ್ಲ.

ನಮ್ಮ ಸಂಘದ ಬೈಲಾದಲ್ಲಿ, ಅಂದರೆ ನಿಯಮಾವಳಿಯಲ್ಲಿ, ಸದಸ್ಯತ್ವಕ್ಕೆ ಎರಡು ಷರತ್ತುಗಳಿದ್ದವು. ಸದಸ್ಯರಾಗುವವರಿಗೆ ಸ್ವಂತ ಹೆಸರಿನಲ್ಲಿ ಪಹಣಿ ಇರಬೇಕು. ಒಂದು ಮನೆಗೆ ಒಂದೇ ಸದಸ್ಯತ್ವ. ಹಾಗಾಗಿ ಹಸು ಸಾಕುವ ಹೆಂಗಸರಲ್ಲಿ ಹೆಚ್ಚಿನವರು ಹೊರಗೆ. ಅಜ್ಜಂದಿರ ಕಾಲದಲ್ಲಿ ಅಣೆಕಟ್ಟಿನ ಹಿನ್ನೀರಿಗೆ ಮನೆ ಕೊಟ್ಟು ಬಂದು, ಇನ್ನೂ ಹಕ್ಕುಪತ್ರ ಸಿಗದೆ ಕೂತಿದ್ದ ಮುಳುಗಡೆ ಕೇರಿಯವರಂತೂ ಪೂರ್ತಿ ಹೊರಗೆ. ಅವರು ಪರಿಚಯದ ಸದಸ್ಯರ ಹೆಸರಿನಲ್ಲಿ ಹಾಲು ಹಾಕುತ್ತಿದ್ದರು. ಹಾಲು ಅವರದ್ದು, ರಿಜಿಸ್ಟರಿನಲ್ಲಿ ಹೆಸರು ಮತ್ತೊಬ್ಬರದ್ದು.

ಆ ವರ್ಷ ಮೇ ತಿಂಗಳಲ್ಲಿ ಮುಳುಗಡೆ ಕೇರಿಯ ಗಿರಿಜಾ ಬೆಳಿಗ್ಗೆ ಏಳಕ್ಕೆ ಓಡಿಬಂದಳು. ಹಿಂದಿನ ದಿನ ಅವಳ ಹಸು ಕರು ಹಾಕಿತ್ತು. "ಅಕ್ಕಾ, ದನ ಮಲಗ್ಬಿಟ್ಟಿದೆ, ಏಳ್ತಾ ಇಲ್ಲ. ಡಾಕ್ಟ್ರಿಗೆ ಚೀಟಿ ಬರ್ಕೊಡಿ," ಎಂದಳು. ಅದು ಹಾಲುಜ್ವರ. ಕರು ಹಾಕಿದ ಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಹಸು ನೆಲ ಹಿಡಿಯುತ್ತದೆ. ಸಕಾಲಕ್ಕೆ ನರಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದರೆ ಸಾಮಾನ್ಯವಾಗಿ ಎದ್ದು ನಿಲ್ಲುತ್ತದೆ. ಆದರೆ ನಮ್ಮ ಸಂಘದಲ್ಲಿ ಡಾಕ್ಟರನ್ನು ಕರೆಸುವ ಚೀಟಿಗೆ ಸದಸ್ಯರ ಸಹಿ ಕಡ್ಡಾಯ. ಗಿರಿಜಾ ಯಾರ ಹೆಸರಿನಲ್ಲಿ ಹಾಲು ಹಾಕುತ್ತಿದ್ದಳೋ ಅವರು ಮದುವೆಗೆಂದು ಸಾಗರಕ್ಕೆ ಹೋಗಿದ್ದರು, ಫೋನ್ ಎತ್ತಲಿಲ್ಲ. ನಾನು ನಿಯಮ ನೋಡಿದೆ. "ಸಹಿ ಇಲ್ದೆ ಆಗಲ್ಲ ಗಿರಿಜಾ," ಎಂದೆ. ಹನ್ನೊಂದು ಗಂಟೆಗೆ ಹಸು ಸತ್ತಿತು. ಕರು ಉಳಿಯಿತು.

ಅವಳು ನನ್ನನ್ನು ಬಯ್ಯಲಿಲ್ಲ. ಸಂಜೆ ಇನ್ನೊಂದು ಹಸುವಿನ ಹಾಲು ಹಿಡಿದು ಎಂದಿನಂತೆ ಸರದಿಯಲ್ಲಿ ನಿಂತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ನಿಯಮ ಬರೆದವರ ಮೇಲೆ ಬಂದ ಸಿಟ್ಟಿಗಿಂತ, ಆ ಚೀಟಿ ಬರೆಯದ ನನ್ನ ಕೈಯ ಮೇಲೆ ಬಂದ ಸಿಟ್ಟೇ ದೊಡ್ಡದಾಗಿತ್ತು.

ಆ ವಾರವೇ ಬೈಲಾ ತಿದ್ದುಪಡಿಯ ಕರಡು ಬರೆದೆ: ವರ್ಷದಲ್ಲಿ ನೂರ ಎಂಬತ್ತು ದಿನ ಹಾಲು ಹಾಕಿದ ಯಾರೇ ಆಗಲಿ, ಪಹಣಿ ಇರಲಿ ಬಿಡಲಿ, ಮನೆಯಲ್ಲಿ ಬೇರೆ ಸದಸ್ಯರಿರಲಿ ಬಿಡಲಿ, ಸದಸ್ಯರಾಗಬಹುದು. ತಿದ್ದುಪಡಿ ಗೆಲ್ಲಲು ಸಭೆಯಲ್ಲಿ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕು. ಮನೆ ಮನೆ ತಿರುಗಿದೆ. ಗೇಣಿ ಹೋರಾಟದಲ್ಲಿ ಭೂಮಿ ಪಡೆದ ಮನೆಗಳಲ್ಲಿ ಮೊದಲು ಬಾಗಿಲು ತೆರೆಯಲಿಲ್ಲ. ಅವರಲ್ಲಿ ಹಿರಿಯರಾದ ಮಂಜಪ್ಪನವರಿಗೆ, "ನಿಮ್ಮ ತಂದೆಯವರ ಹತ್ರ ಪಹಣಿ ಇತ್ತಾ?" ಎಂದು ಕೇಳಿದೆ. ಅವರು, "ಇರ್ಲಿಲ್ಲ ಬಿಡಿ. ನಮ್ಮ ಕೇರಿದು ನಾನು ನೋಡ್ಕೋತೀನಿ," ಎಂದರು. ಅಡಿಕೆ ತೋಟದ ಮನೆಗಳನ್ನು ಸಾವಿತ್ರಮ್ಮ ವಹಿಸಿಕೊಂಡರು. ಗಂಡ ತೀರಿದ ಮೇಲೆ ಸದಸ್ಯತ್ವ ತಮ್ಮ ಹೆಸರಿಗೆ ಬಂದಿದ್ದ, ಒಂದೇ ಹಸುವನ್ನು ತಾವೇ ಕರೆಯುತ್ತಿದ್ದ ಗಟ್ಟಿ ಹೆಂಗಸು.

ಸೆಪ್ಟೆಂಬರಿನ ಸಭೆಗೆ ಎಂಬತ್ನಾಲ್ಕು ಸದಸ್ಯರು ಬಂದರು. ಬೇಕಾದದ್ದು ಐವತ್ತಾರು ಮತ. ನಮ್ಮ ಕಡೆ ಐವತ್ತೇಳು ಜನ. ಅಧ್ಯಕ್ಷ ರುದ್ರಪ್ಪನವರು ಬುದ್ಧಿವಂತರು. ತಿದ್ದುಪಡಿಯನ್ನು ಕೊನೆಯ ವಿಷಯವಾಗಿಟ್ಟರು. ವರದಿಯನ್ನು ಸಾಲು ಸಾಲಾಗಿ ಓದಿಸಿದರು, ಇಬ್ಬರಿಗೆ ಸನ್ಮಾನ ಮಾಡಿದರು, ತಾವೇ ಮುಕ್ಕಾಲು ಗಂಟೆ ಮಾತಾಡಿದರು. ಗಂಟೆ ನಾಲ್ಕಾಯಿತು. ಹಾಲು ಕರೆಯುವ ಹೊತ್ತು. ಹಸು ಯಾರ ಭಾಷಣಕ್ಕೂ ಕಾಯುವುದಿಲ್ಲ. ಒಬ್ಬೊಬ್ಬರೇ ಎದ್ದರು, ಸಾವಿತ್ರಮ್ಮನೂ ನನ್ನ ಕಡೆ ನೋಡಲಾರದೆ ಎದ್ದರು. ಮೂವತ್ತೈದು ಜನ ಹೋದರು. ಎಲ್ಲರೂ ನಮ್ಮವರೇ, ಮನೆಯಲ್ಲಿ ಹಾಲು ಕರೆಯಲು ಬೇರೆ ಯಾರೂ ಇಲ್ಲದವರು. ಕೊಟ್ಟಿಗೆಗೆ ಆಳಿದ್ದ ಮನೆಯವರು ಕಾಲ ಮೇಲೆ ಕಾಲು ಹಾಕಿ ಕೂತೇ ಇದ್ದರು. ಉಳಿದ ನಲವತ್ತೊಂಬತ್ತರಲ್ಲಿ ನಮಗೆ ಇಪ್ಪತ್ತೆರಡು. ಸೋತೆವು.

"ಶಾರದಮ್ಮ, ಪ್ರಜಾಪ್ರಭುತ್ವ ಅಂದ್ರೆ ಇದೇ," ಎಂದು ರುದ್ರಪ್ಪನವರು ನಕ್ಕರು. ವಾರ ಕಳೆದು ನನಗೊಂದು ನೋಟಿಸ್ ಬಂತು: ನೌಕರಳಾಗಿ ಪ್ರಚಾರ ಮಾಡಿದ್ದೇಕೆ? ಅದಕ್ಕೆ ಆವಕ ಸಂಖ್ಯೆ ಕೊಟ್ಟು, ಫೈಲಿಗೆ ಹಾಕಿ, ಒಂದೇ ಸಾಲಿನ ಉತ್ತರ ಬರೆದೆ: "ಮುಂದಿನ ವರ್ಷವೂ ಮಾಡುತ್ತೇನೆ." ತೆಗೆದುಹಾಕಿದರೆ ಹಾಕಲಿ ಎಂದೇ ಇದ್ದೆ. ಹಾಕಲಿಲ್ಲ. ಅಷ್ಟು ಕಡಿಮೆ ಸಂಬಳಕ್ಕೆ ಎರಡು ಹೊತ್ತು ದುಡಿಯುವವರು ಬೇರೆ ಯಾರು ಸಿಗುತ್ತಿದ್ದರು?

ಉಪಾಯ ಹೊಳೆದದ್ದು ಗಿರಿಜಾಗೆ, ಹಾಲಿನ ಸರದಿಯಲ್ಲಿ ನಿಂತಿದ್ದಾಗ. "ನಮಗಂತೂ ಮತ ಇಲ್ಲ. ಮತ ಇರೋರು ಕೂತಿರ್ಲಿ, ಅವರ ಹಸು ನಾವು ಕರೀತೀವಿ."

ಹೇಳಿದಷ್ಟು ಸುಲಭವಲ್ಲ. ಹೊಸ ಕೈ ತಾಗಿದರೆ ಹಸು ಹಾಲು ಇಳಿಸುವುದಿಲ್ಲ, ಒದೆಯುತ್ತದೆ. ಆದ್ದರಿಂದ 2017ರ ಆಗಸ್ಟ್ ಪೂರ್ತಿ ಅಭ್ಯಾಸ ನಡೆಯಿತು. ಮೂವತ್ತೈದು ಕೊಟ್ಟಿಗೆಗೆ ಮೂವತ್ತೈದು ಹೆಂಗಸರು. ಇಪ್ಪತ್ತೆರಡು ಮಂದಿ ಮುಳುಗಡೆ ಕೇರಿಯವರು, ಹದಿಮೂರು ಮಂದಿ ಸದಸ್ಯತ್ವವಿಲ್ಲದ ಬೇರೆ ಮನೆಗಳ ಸೊಸೆಯಂದಿರು. ಅಂಗಳ ದಾಟಿ ಒಳಗೆ ಎಂದೂ ಬಿಟ್ಟುಕೊಳ್ಳದಿದ್ದವರನ್ನು ಈಗ ಕೊಟ್ಟಿಗೆಗೆ ಕರೆಯಬೇಕಾಯಿತು. ಗಿರಿಜಾ ಹೋದದ್ದು ಸಾವಿತ್ರಮ್ಮನ ಕೊಟ್ಟಿಗೆಗೆ. ಅವರ ವಯಸ್ಸಾದ ಅತ್ತೆ ಮೂರು ದಿನ ಮುಖ ತಿರುಗಿಸಿ ಕೂತಿದ್ದರು. ಹಸು ಗಿರಿಜಾಳ ಬಕೆಟನ್ನು ಎರಡು ಸಲ ಒದ್ದು ಉರುಳಿಸಿತು. ನಾಲ್ಕನೆಯ ದಿನ ಅತ್ತೆಯೇ ಒಳಗಿನಿಂದ ಸೊಸೆಯ ಹಳೆ ಕೊಟ್ಟಿಗೆ ಸೀರೆ ತಂದು, "ಇದನ್ನ ಸುತ್ಕ್ಯ, ದನಕ್ಕೆ ವಾಸನೆ ಗುರ್ತು ಸಿಕ್ತು," ಎಂದು ಗಿರಿಜಾಳ ಕೈಗಿತ್ತರು. ಆಮೇಲೆ ಬೇರೆ ಮನೆಗಳಲ್ಲೂ ಹಳೆ ಸೀರೆಗಳು ಹೊರಬಂದವು.

ಸುದ್ದಿ ರುದ್ರಪ್ಪನವರಿಗೆ ತಲುಪಿತು. ಸಭೆಗೆ ಐದು ದಿನ ಇರುವಾಗ ನನ್ನನ್ನೂ ಸಾವಿತ್ರಮ್ಮನನ್ನೂ ಕರೆಸಿ ಹೇಳಿದರು: "ಪಹಣಿ ಇರೋ ಮನೆ ಹೆಂಗಸರಿಗೆ ಈ ವರ್ಷನೇ ಕೊಡೋಣ, ಎಲ್ಲರ ಕೈಲೂ ಒಪ್ಪಿಸ್ತೀನಿ. ಮುಳುಗಡೆಯವರದ್ದು ಮುಂದೆ ನೋಡಿದ್ರಾಯ್ತು." ನಿಜ ಹೇಳುತ್ತೇನೆ, ನನಗೆ ಆಸೆಯಾಯಿತು. ಅರ್ಧವಾದರೂ ಕೈಗೆ ಬಂತಲ್ಲ ಎನಿಸಿ ಬಾಯಿ ತೆರೆಯುವುದರೊಳಗೆ ಸಾವಿತ್ರಮ್ಮ ಎದ್ದು ನಿಂತಿದ್ದರು. ಸಿಟ್ಟು ಬಂದರೆ ಅವರಿಗೆ ಮನೆಮಾತೇ ಬಾಯಿಗೆ ಬರುತ್ತದೆ. "ಎಂತ ಮಾತು ಇದು? ಗಿರಿಜಂಗೆ ಇಲ್ಲೆ ಅಂದ್ರೆ ಎಂಗೊಗೂ ಬೇಡ. ಅದ್ರ ಕೊಟ್ಟಿಗೆಲಿ ಸತ್ತಿದ್ದೂ ದನವೇ." ಗಿರಿಜಾಗೆ ಇಲ್ಲದ್ದು ತಮಗೂ ಬೇಡ ಎಂದು ಅವರು ಹೊರಟೇಬಿಟ್ಟರು, ನಾನು ತೆರೆದ ಬಾಯಿ ಮುಚ್ಚಿಕೊಂಡು ಹಿಂದೆ ಬಂದೆ.

ಸಭೆಯ ದಿನ ಎಂಬತ್ತೆಂಟು ಜನ. ಬೇಕಾದದ್ದು ಐವತ್ತೊಂಬತ್ತು ಮತ. ಅದೇ ವರದಿ, ಅದೇ ಸನ್ಮಾನ, ಮತ್ತಷ್ಟು ಉದ್ದದ ಭಾಷಣ. ನಾಲ್ಕು ಗಂಟೆಗೆ ರುದ್ರಪ್ಪನವರು ಗಡಿಯಾರ ನೋಡಿದರು. "ಹಾಲಿನ ಹೊತ್ತಾಯ್ತು, ಹೊರಡೋರು ಹೊರಡ್ಬಹುದು."

ಯಾರೂ ಅಲ್ಲಾಡಲಿಲ್ಲ. ಕಿಟಕಿಯಾಚೆ ರಸ್ತೆಯಲ್ಲಿ ಹೆಂಗಸರು ಹೋಗುತ್ತಿದ್ದರು, ಕೈಯಲ್ಲಿ ಬಕೆಟ್, ಮೈಮೇಲೆ ಯಾರದೋ ಹಳೆಯ ಸೀರೆ. ತಮ್ಮ ಮನೆಯ ಹಸುಗಳನ್ನು ಮೂರಕ್ಕೇ ಕರೆದಿಟ್ಟು ಬಂದಿದ್ದರು. ಕವಲಿನಲ್ಲಿ ಒಬ್ಬೊಬ್ಬರೇ ಬೇರೆಬೇರೆ ಮನೆಗಳತ್ತ ತಿರುಗಿದರು. ರುದ್ರಪ್ಪನವರು ನೋಡುತ್ತಲೇ ಇದ್ದರು.

"ನಮ್ಮ ಹಸು ಕರಿಯೋರು ಹೋಗಿದಾರೆ. ನೀವು ಓದಿ, ಅವಸರ ಇಲ್ಲ," ಎಂದರು ಸಾವಿತ್ರಮ್ಮ. ಮಂಜಪ್ಪನವರು ಜೋರಾಗಿ ನಕ್ಕುಬಿಟ್ಟರು.

ಐದೂ ಕಾಲಿಗೆ ಗುಪ್ತ ಮತದಾನ ಮುಗಿಯಿತು. ಪರವಾಗಿ ಅರವತ್ತೆರಡು, ವಿರುದ್ಧವಾಗಿ ಇಪ್ಪತ್ತಾರು. ನಾನು ನಡಾವಳಿ ಬರೆಯುವಾಗ ಅಕ್ಷರ ಕಣ್ಣಿಗೆ ಮಸುಕಾಗುತ್ತಿತ್ತು, ಅಳುತ್ತಿದ್ದೆ, ನಾಚಿಕೆಯಾಗಲಿಲ್ಲ. ಆ ಸಂಜೆ ಹಾಲಿನ ಸಂಗ್ರಹ ಎಂದಿಗಿಂತ ಕಡಿಮೆ ಬಂತು. ಸಭೆ ಒಪ್ಪಿದರೂ ಕೆಲವು ಹಸುಗಳು ಹೊಸ ಕೈಯನ್ನು ಇನ್ನೂ ಒಪ್ಪಿರಲಿಲ್ಲ. ಸಹಕಾರ ಇಲಾಖೆಯ ಅನುಮೋದನೆ ಬರಲು ಮತ್ತೆ ಐದು ತಿಂಗಳು ಹಿಡಿಯಿತು. ನಾನು ಪ್ರತಿ ಸೋಮವಾರ ಆ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂತೆ.

ನಿವೃತ್ತಳಾದ ಮೇಲೂ ಯಾವ ಸಭೆಗೆ ಹೋದರೂ ನಾನು ಮೊದಲು ನೋಡುವುದು ಎದ್ದು ಹೋದವರ ಖಾಲಿ ಕುರ್ಚಿಗಳನ್ನು. ಬಹುಮತ ಎಂದು ಯಾರಾದರೂ ಬೀಗಿದರೆ, ಆ ಹೊತ್ತಿನಲ್ಲಿ ದುಡಿಯಲು ಹೋದವರು ಎಷ್ಟು ಜನ ಎಂದು ಕೇಳುತ್ತೇನೆ. ಜನರನ್ನು ಒಟ್ಟು ಸೇರಿಸಲು ಒಂದೇ ವೇದಿಕೆಗೆ ಹತ್ತಿಸಿದರೆ ಸಾಲದು, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕಬೇಕು ಎಂಬುದು ಆ ನೌಕರಿ ನನಗೆ ಕಲಿಸಿದ ಪಾಠ.

2019ರಲ್ಲಿ, ನಾನಿನ್ನೂ ಕೆಲಸದಲ್ಲಿದ್ದಾಗ, ಗಿರಿಜಾಳ ಕೊಟ್ಟಿಗೆಯಲ್ಲಿ ತಾಯಿಯಿಲ್ಲದೆ ಬೆಳೆದ ಆ ಕರು ಚೊಚ್ಚಲ ಗಬ್ಬವಾಗಿತ್ತು. ಈಯುವ ಹೊತ್ತಿಗೆ ಹೊಟ್ಟೆಯಲ್ಲಿ ಕರು ಅಡ್ಡವಾಯಿತು. ಬೆಳಿಗ್ಗೆ ಏಳಕ್ಕೆ ಗಿರಿಜಾ ಮತ್ತೆ ಓಡಿಬಂದಳು. ಈ ಸಲ ನಾನು ಏನೂ ಕೇಳದೆ ಚೀಟಿ ಪುಸ್ತಕವನ್ನೂ ಪೆನ್ನನ್ನೂ ಅವಳ ಮುಂದಿಟ್ಟೆ. ಅವಳು ಸದಸ್ಯೆಯಾಗಿ ತನ್ನದೇ ಸಹಿ ಹಾಕಿದಳು, ನಾನು ಡಾಕ್ಟರಿಗೆ ಫೋನ್ ಮಾಡಿದೆ. ಡಾಕ್ಟರು ಮುಕ್ಕಾಲು ಗಂಟೆಯಲ್ಲಿ ಬಂದರು. ಹತ್ತು ಗಂಟೆಗೆ ಅವಳ ಫೋನ್ ಬಂತು: "ಅಕ್ಕಾ, ಎರಡೂ ಎದ್ದು ನಿಂತಿದಾವೆ."